ತುಕ್ಕು ಸೇತುವೆಯ ಎರಡನೇ ಅರ್ಧ

ಜೂನ್ 1

ಅಣ್ಣಾ,

‘ನಾವೆಲ್ಲ ಕ್ಷೇಮ, ನಿನ್ನ ಕ್ಷೇಮ ತಿಳಿಸು’ ಎಂದು ಶುರು ಮಾಡು ಅಂತ ಅಮ್ಮ ಬೆನ್ನ ಹಿಂದೆ ನಿಂತು ಹೇಳುತ್ತಿದ್ದಾಳೆ. ಇಲ್ಲಿ ಯಾರೂ ಕ್ಷೇಮವಾಗಿಲ್ಲ. ಆ ಸಾಲು ಬಿಟ್ಟಿದ್ದೇನೆ.

ಪೊಲೀಸರು ನಿನ್ನನ್ನು ಕರೆದೊಯ್ದು ಇವತ್ತಿಗೆ ಹತ್ತು ದಿನ. ನಿಮ್ಮ ಕೋಲ್ಡ್ ಸ್ಟೋರೇಜಿನ ಮೇಸ್ತ್ರಿಗೆ ಇನ್ನೂ ಎಚ್ಚರ ಬಂದಿಲ್ಲ. ಅವನ ಹೆಂಡತಿ ಆಸ್ಪತ್ರೆಯ ಬೆಂಚು ಬಿಟ್ಟು ಏಳುತ್ತಿಲ್ಲವಂತೆ. ನಾನು ದಿನಾ ಕೆಲಸ ಮುಗಿಸಿ ಆಸ್ಪತ್ರೆಯ ಗೇಟಿನವರೆಗೆ ಹೋಗಿ ಕಾವಲುಗಾರನನ್ನು ಕೇಳಿ ಬರುತ್ತೇನೆ. ಒಳಗೆ ಹೋಗಲು ಧೈರ್ಯವಿಲ್ಲ.

ಇದರ ಜೊತೆ ನಮ್ಮ ಹೊಡೆದಾಟದ ಹೀರೋ ಬೂದಿಯ ಹದಿನೇಳನೇ ಕಾದಂಬರಿಯ ಮೊದಲರ್ಧ ಇದೆ. ಪೂರ್ತಿ ಕಳಿಸಬೇಕೆಂದಿದ್ದೆ. ನಿಮ್ಮ ಜೈಲಿನೊಳಗೆ ರಟ್ಟಿನ ಹೊದಿಕೆ ಇರುವ ಪುಸ್ತಕ ಬಿಡುವುದಿಲ್ಲವಂತೆ, ಬೆರಳಿಗಿಂತ ದಪ್ಪದ್ದೂ ಬಿಡುವುದಿಲ್ಲವಂತೆ. ಕೇಳಿ ನಗು ಬಂತು. ಹತ್ತು ದಿನದಲ್ಲಿ ನಕ್ಕಿದ್ದು ಅದೊಂದೇ ಸಲ. ಪುಸ್ತಕ ಎರಡು ಮಾಡುವುದನ್ನು ನಮಗೆ ಯಾರು ಹೇಳಿಕೊಡಬೇಕು? ಬಿಸಿನೀರಿನ ಚೊಂಬಿಗೆ ಅದರ ಬೆನ್ನೊತ್ತಿ ಗೋಂದು ಮೆತ್ತಗಾಗಿಸಿದೆ. ನಡುಪುಟ ಹುಡುಕಿ, ನೀನು ಮಾಡುವ ಹಾಗೆ ಮೊಣಕಾಲ ಮೇಲಿಟ್ಟು ಒಂದೇ ಎಳೆತಕ್ಕೆ ಸೀಳಿದೆ. ಒಂದು ಪುಟವೂ ಹರಿಯಲಿಲ್ಲ.

ಇಷ್ಟು ವರ್ಷ ನಿನಗೆ ಮೊದಲರ್ಧ, ನನಗೆ ಎರಡನೆಯದು. ಒಬ್ಬರು ಓದಿ ಮುಗಿಸುವವರೆಗೆ ಇನ್ನೊಬ್ಬರು ಕಾಯುವ ಜಾತಿಯವರಲ್ಲ ನಾವು. ಬೂದಿ ಯಾಕೆ ಹೊಡೆಯುತ್ತಿದ್ದಾನೆ ಎಂದು ಗೊತ್ತಿಲ್ಲದೆ ನಾನು ಹೊಡೆತ ಓದುತ್ತಿದ್ದೆ. ಆಮೇಲೆ ಅದಲುಬದಲು ಮಾಡಿಕೊಂಡು ಕಾರಣ ಓದುತ್ತಿದ್ದೆ.

ಆ ದಿನವೂ ಹಾಗೇ ಆಯಿತು. ನಾನು ಊಟದ ಡಬ್ಬಿ ಹಿಡಿದು ಪ್ಲಾಸ್ಟಿಕ್ ಪರದೆ ಸರಿಸಿ ಒಳಗೆ ಬಂದಾಗ ಮೇಸ್ತ್ರಿ ಆಗಲೇ ನೆಲದ ಮೇಲಿದ್ದ. ಒಂದು ಕೈ ಮೇಲೆತ್ತಿ ‘ಸಾಕು, ಸಾಕು’ ಎನ್ನುತ್ತಿದ್ದ. ನೀನು ಕೈಯಲ್ಲಿದ್ದ ಮರದ ಹಲಗೆಯನ್ನು ಇನ್ನೊಂದು ಸಲ ಎತ್ತಿದೆ. ನಾನು ನೋಡಿದ್ದು ಎರಡನೇ ಅರ್ಧ ಮಾತ್ರ. ಮೊದಲರ್ಧ ನೀನೇ ಹೇಳಬೇಕು. ಮಫ್ಲರ್ ಅಜ್ಜ ನಿಮ್ಮ ಜೊತೆಯೇ ಮೂಟೆ ಹೊರುತ್ತಿದ್ದನಲ್ಲ, ಅವನನ್ನು ಅಂಗಡಿ ಹತ್ತಿರ ಹಿಡಿದು ಕೇಳಿದೆ. ಅವನು ಜೇಬಿನಿಂದ ಕೈಯನ್ನೂ ತೆಗೆಯಲಿಲ್ಲ, ಬಾಯನ್ನೂ ತೆಗೆಯಲಿಲ್ಲ.

ಆ ವಾರ ನಾವು ಓದುತ್ತಿದ್ದ ‘ತುಕ್ಕು ಸೇತುವೆ’ಯಲ್ಲಿ ನನ್ನ ಅರ್ಧ ಮುಗಿದಿದೆ. ನಿನ್ನ ಅರ್ಧ ಎಲ್ಲಿ? ಮನೆಯಲ್ಲೆಲ್ಲ ಹುಡುಕಿದೆ.

ಇನ್ನೊಂದು. ಭೇಟಿಗೆ ಬರುವವರ ಪಟ್ಟಿಯಲ್ಲಿ ಅಮ್ಮನ ಹೆಸರು ಮಾತ್ರ ಬರೆಸಿದ್ದೀಯಂತೆ. ನನ್ನದು ಯಾಕಿಲ್ಲ? ರಟ್ಟಿನ ಪೆಟ್ಟಿಗೆ ಕಾರ್ಖಾನೆಗೆ ಒಂದು ದಿನ ಚಕ್ಕರ್ ಹೊಡೆದರೆ ಯಾರಿಗೂ ನಷ್ಟವಿಲ್ಲ. ಇದು ನನ್ನ ಮೂರನೇ ಕೆಲಸ, ಇದೂ ಬೇಸರ ಬಂದಿದೆ. ಒಂದು ದಿನ ಬೂದಿಯ ಹಾಗೆ ಸಿಕ್ಕಿದ ಬಸ್ಸು ಹತ್ತಿಬಿಡುತ್ತೇನೆ ನೋಡು.

ಕಡ್ಡಿ

•

ಜೂನ್ 6

ಕಡ್ಡಿ,

ನಿನ್ನ ಪತ್ರ ಬಂತು, ಮುಕ್ಕಾಲು. ಇಲ್ಲಿ ಪತ್ರ ಓದುವ ಸಾಹೇಬರೊಬ್ಬರಿದ್ದಾರೆ. ಕೇಸಿನ ಒಂದು ಮಾತು ಕಂಡರೂ ಮಸಿ ಬಳಿಯುತ್ತಾರೆ. ‘ಆ ದಿನವೂ ಹಾಗೇ ಆಯಿತು’ ಎನ್ನುವವರೆಗೆ ನಿನ್ನ ಕೋಳಿ ಕಾಲಿನ ಅಕ್ಷರ, ಆಮೇಲೆ ಒಂದು ಪ್ಯಾರಾ ಕಿಟಕಿ ಮುಚ್ಚಿದ ಹಾಗೆ ಕಪ್ಪು. ಅಲ್ಲಿ ಏನು ಕೇಳಿದ್ದೀಯ ಎಂದು ಊಹಿಸಬಲ್ಲೆ. ಇನ್ನು ಮೇಲೆ ಪುಸ್ತಕದ ವಿಷಯ ಮಾತ್ರ ಬರೆ. ಅದಕ್ಕೆ ಅಡ್ಡಿಯಿಲ್ಲ.

ನಮ್ಮ ಕೋಣೆಯಲ್ಲಿ ಹನ್ನೊಂದು ಜನ. ಓದಲು ಬರುವವರು ಮೂವರು. ಸಂಜೆ ಎಣಿಕೆ ಮುಗಿದ ಮೇಲೆ ನಾನು ಗಟ್ಟಿಯಾಗಿ ಓದುತ್ತೇನೆ. ನನ್ನನ್ನು ಬೂದಿ ಮಾಸ್ತರ ಎಂದು ಕರೆಯುತ್ತಾರೆ. ಸೈಕಲ್ ಕದ್ದು ಬಂದವನೊಬ್ಬ ಪ್ರತಿ ಪುಟಕ್ಕೂ ‘ಆಮೇಲೇನಾಯ್ತಪ್ಪಾ?’ ಅಂತಾನೆ. ಬೂದಿ ಒಂದೇ ಅಂಗಿ ಒಗೆದು, ಬೆಳಿಗ್ಗೆ ಹಸಿಯಾಗಿಯೇ ಹಾಕಿಕೊಳ್ಳುತ್ತಾನೆ ಎಂದು ಬರುತ್ತದಲ್ಲ, ಅದಕ್ಕೆ ನೀನು ಯಾವಾಗಲೂ ‘ಇವನಿಗೆ ನೆಗಡಿ ಯಾಕಾಗಲ್ಲ?’ ಎಂದು ಕೇಳುತ್ತಿದ್ದೆ. ಇವನೂ ಅದನ್ನೇ ಕೇಳಿದ. ನಾನು ಅಲ್ಲಿಗೇ ಪುಸ್ತಕ ಮಡಚಿಟ್ಟೆ.

‘ತುಕ್ಕು ಸೇತುವೆ’ಯ ನನ್ನ ಅರ್ಧ ಪ್ಯಾಂಟಿನ ಹಿಂದಿನ ಜೇಬಿನಲ್ಲಿತ್ತು. ಅದಕ್ಕೂ ಪ್ಲಾಸ್ಟಿಕ್ ಕವರ್ ಹಾಕಿ ನಂಬರ್ ಅಂಟಿಸಿದ್ದಾರೆ.

ಮೇಸ್ತ್ರಿ ಎದ್ದನಾ? ಎದ್ದಿರುತ್ತಾನೆ. ಬೂದಿಯ ಕೈಯಲ್ಲಿ ತಿಂದವರೆಲ್ಲ ಮುಂದಿನ ಅಧ್ಯಾಯದಲ್ಲಿ ಹಲ್ಲು ಉಗುಳಿ ಎದ್ದು ಕೂರುತ್ತಾರೆ.

ಭೇಟಿಯ ವಿಷಯ ಬಿಡು. ದೂರ. ಬಸ್ಸು ಎರಡು ಬದಲಾಯಿಸಬೇಕು.

ಅಣ್ಣ

•

ಜೂನ್ 12

ಅಣ್ಣಾ,

ಎದ್ದಿಲ್ಲ. ಒಂಬತ್ತನೇ ತಾರೀಖು ಬೆಳಿಗ್ಗೆ ಹೋಗಿಬಿಟ್ಟ. ಗೇಟಿನ ಕಾವಲುಗಾರ ನನ್ನನ್ನು ನೋಡಿದವನೇ ತಲೆ ತಗ್ಗಿಸಿದ. ನೀನು ಪತ್ರ ಹಾಕಿದ್ದು ಆರಕ್ಕೆ, ನನಗೆ ಸಿಕ್ಕಿದ್ದು ಹನ್ನೊಂದಕ್ಕೆ. ‘ಎದ್ದಿರುತ್ತಾನೆ’ ಎನ್ನುವ ಸಾಲನ್ನು ನಾನು ಎಷ್ಟು ಸಲ ಓದಿದೆ ಎಂದು ಹೇಳುವುದಿಲ್ಲ.

ಇದಕ್ಕೆ ಮಸಿ ಬಳಿದರೆ ಬಳಿಯಲಿ. ಹೇಗೂ ನಿನಗೆ ಯಾರಾದರೂ ಹೇಳಿರುತ್ತಾರೆ.

ಹದಿನೇಳರ ಎರಡನೇ ಅರ್ಧ ಇದೆ.

ಕಡ್ಡಿ

•

ಜುಲೈ 20

ಕಡ್ಡಿ,

ಪುಸ್ತಕ ತಲುಪಿತು. ತಡವಾಗಿ ಬರೆಯುತ್ತಿದ್ದೇನೆ. ಇಲ್ಲಿ ಪೆನ್ನು ವಾರಕ್ಕೊಮ್ಮೆ ಕೊಡುತ್ತಾರೆ.

ಹದಿನೇಳು ಮುಗಿಯಿತು. ಕೋಣೆಯವರಿಗೆ ಕೊನೆ ಹಿಡಿಸಿತು. ನನಗೆ ಹಿಡಿಸಲಿಲ್ಲ. ಗೋದಾಮಿನ ಬಾಗಿಲಲ್ಲಿ ಬೂದಿ ಆರು ಜನರನ್ನು ಹೊಡೆಯುತ್ತಾನೆ, ಒಬ್ಬೊಬ್ಬನಿಗೆ ಒಂದೊಂದೇ ಪೆಟ್ಟು. ‘ಬೂದಿ ಎರಡು ಸಲ ಹೊಡೆಯುವುದಿಲ್ಲ’ ಎಂದು ಎಲ್ಲ ಪುಸ್ತಕದಲ್ಲೂ ಇದೆ. ಆ ಸಾಲು ಬಂದಾಗ ಬಿಟ್ಟು ಓದಿದೆ. ಸೈಕಲ್ ಕಳ್ಳ ‘ಏನೋ ಹಾರಿಸಿದ್ರಿ ಮಾಸ್ತರೇ’ ಅಂದ. ಅವನಿಗೆ ಓದಲು ಬರುವುದಿಲ್ಲ, ಹೇಗೆ ಗೊತ್ತಾಯಿತೋ.

ಹದಿನೆಂಟು ಕಳಿಸು. ಎರಡೂ ಅರ್ಧ ಬೇರೆ ಬೇರೆ ಹಾಕು.

ಅಣ್ಣ

(ಅಂಚಿನಲ್ಲಿ, ಪೆನ್ಸಿಲಿನಲ್ಲಿ, ಬೇರೆ ಕೈಬರಹ: ಎರಡನೇ ಅರ್ಧ ತಡ ಮಾಡಬೇಡಿ. ಕಳೆದ ಸಲ ಹನ್ನೆರಡು ದಿನ ಕಾದೆವು.)

•

ಜುಲೈ 28

ಅಣ್ಣಾ,

ಪತ್ರ ಓದುವ ಸಾಹೇಬರಿಗೆ ನಮಸ್ಕಾರ. ಈ ಸಲ ಎರಡೂ ಅರ್ಧ ಒಂದೇ ದಿನ ಅಂಚೆಗೆ ಹಾಕಿದ್ದೇನೆ.

ಅಣ್ಣಾ, ಈಗ ಒಂದು ಕಥೆ ಹೇಳುತ್ತೇನೆ. ಬೂದಿಯ ಯಾವುದೋ ಪುಸ್ತಕದ್ದು ಎಂದುಕೊಂಡು ಓದು. ಪುಸ್ತಕದ್ದು ಎಂದು ನಾನು ಹೇಳುತ್ತಿಲ್ಲ, ಎಂದುಕೊಂಡು ಓದು ಎನ್ನುತ್ತಿದ್ದೇನೆ ಅಷ್ಟೇ.

ಒಂದು ಊರಲ್ಲಿ ಒಬ್ಬ ಹುಡುಗಿ. ಅವಳು ಒಂದು ಅಂಗೈ ನೋಡಿದ್ದಾಳೆ. ಮೇಲೆತ್ತಿದ ಅಂಗೈ, ಐದು ಬೆರಳೂ ಬಿಡಿಸಿದ್ದು, ಖಾಲಿ. ಅವಳನ್ನು ಒಂದು ಆಫೀಸಿಗೆ ಕರೆದುಕೊಂಡು ಹೋದರು. ಫ್ಯಾನು ತಿರುಗಿದರೆ ಕಾಗದ ಹಾರುತ್ತದೆ ಎಂದು ಎಲ್ಲದರ ಮೇಲೂ ಕಲ್ಲು ಹೇರಿದ್ದ ಆಫೀಸು. ಅಲ್ಲಿನ ಕರಿ ಕೋಟಿನವರು ತುಂಬ ಮರ್ಯಾದೆಯಿಂದ ಮಾತಾಡಿದರು.

‘ನೋಡಮ್ಮ, ಆ ಗೋಡೆ ಮೇಲೆ ಪೆಟ್ಟಿಗೆ ಎಳೆಯೋ ಕೊಕ್ಕೆ ಇತ್ತಲ್ವಾ?’

‘ಇತ್ತು.’

‘ಅದು ಅವನ ಕೈಗೆ ಎಟುಕೋ ಹಾಗಿತ್ತಲ್ವಾ?’

‘ನಿಂತಿದ್ರೆ ಎಟುಕ್ತಿತ್ತು. ಬಿದ್ದಿದ್ದ.’

‘ನೀನು ಹೆದರಿದ್ದೆ. ಕಣ್ಣು ಮಂಜಾಗಿತ್ತು. ಕೊಕ್ಕೆ ಕೈಯಲ್ಲೇ ಇತ್ತೋ ಏನೋ. ಇತ್ತು ಅಂತ ಇಬ್ಬರು ಹೇಳ್ತಾ ಇದಾರೆ. ಮನೆಯವಳು ನೀನೊಬ್ಬಳು ಇಲ್ಲ ಅಂದ್ರೆ ಹೇಗೆ?’

‘ಹೆದರಿದ್ದೆ. ಆದ್ರೆ ಕಣ್ಣು ಸರಿಯಾಗೇ ಇತ್ತು ಸಾರ್.’

ಹುಡುಗಿಯ ತಾಯಿ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಶುರು. ‘ಹೇಳು, ಹೇಳು, ಕಡ್ಡಿ ಮುರಿದ ಹಾಗೆ ಹೇಳು. ಇದೇ ಬಾಯಿಂದ ಸ್ಕೂಲು ಕಳ್ಕೊಂಡೆ, ಈಗ ಅಣ್ಣನ್ನ ಕಳ್ಕೋ. ನಿನ್ನ ಸತ್ಯಾನ ಉಪ್ಪು ಹಾಕ್ಕೊಂಡು ನೆಕ್ಕು.’ ಸ್ಕೂಲಿನ ಆ ಬೀರು ವಿಷಯ ಮತ್ತೆ ಎತ್ತಿದಳು. ತಪಾಸಣೆಗೆ ಬಂದವರು ‘ಲೈಬ್ರರಿ ಪುಸ್ತಕ ಓದ್ತೀರಾ ಮಕ್ಕಳೇ?’ ಎಂದಾಗ ಇಡೀ ಕ್ಲಾಸು ‘ಹೌದು ಸಾರ್’ ಎಂದಿತು, ಒಬ್ಬಳು ಮಾತ್ರ ಎದ್ದು ‘ಬೀರು ಬೀಗವೇ ತೆಗೆದಿಲ್ಲ ಸಾರ್’ ಎಂದಳಲ್ಲ, ಅದು. ಆಮೇಲೆ ಮೇಷ್ಟ್ರುಗಳು ಅವಳನ್ನು ಹೇಗೆ ನೋಡಿಕೊಂಡರು, ಅವಳು ಯಾಕೆ ಬಿಟ್ಟಳು ಎಂಬುದು ಅವಳ ಅಣ್ಣನಿಗೊಬ್ಬನಿಗೇ ಗೊತ್ತು. ಅವತ್ತು ಅವನು ಬೈಯಲಿಲ್ಲ. ಹಳೇ ಪೇಪರ್ ಅಂಗಡಿಯಿಂದ ಬೂದಿಯ ಮೊದಲ ಪುಸ್ತಕ ತಂದು, ಎರಡು ಮಾಡಿ, ‘ತಗೋ, ಇದಕ್ಕೆ ಬೀಗ ಇಲ್ಲ’ ಅಂದಿದ್ದ.

ಈಗ ಆ ಅಣ್ಣನನ್ನೇ ಅವಳು ಕೇಳಬೇಕೆಂದಿದ್ದಾಳೆ. ಅವಳು ಏನು ಮಾಡಬೇಕು?

ಕಡ್ಡಿ

•

ಆಗಸ್ಟ್ 9

ಕಡ್ಡಿ,

ನಿನ್ನ ಕಥೆ ಪೂರ್ತಿ ಬಂದಿದೆ. ಒಂದು ಹನಿ ಮಸಿಯಿಲ್ಲ. ಸಾಹೇಬರು ಪುಸ್ತಕವೆಂದೇ ಓದಿದರೋ, ಗೊತ್ತಿದ್ದೂ ಬಿಟ್ಟರೋ.

ನಾಲ್ಕು ಸಲ ಉತ್ತರ ಬರೆದು ಹರಿದೆ. ನಾನು ಬರೆಯುವುದು ಹತ್ತು ಕೈ ದಾಟುತ್ತದೆ. ಅದಕ್ಕೇ ಇಷ್ಟು ಮಾತ್ರ. ‘ತುಕ್ಕು ಸೇತುವೆ’ಯಲ್ಲಿ ಲಾಡ್ಜಿನ ಹೆಂಗಸು ಇದ್ದಾಳಲ್ಲ, ಸೇತುವೆ ಮೇಲಿನ ಜಗಳವನ್ನು ಮಹಡಿಯ ಕಿಟಕಿಯಿಂದ ನೋಡಿದವಳು. ಹುಡುಗಿ ಅವಳು ಮಾಡಿದ ಹಾಗೆ ಮಾಡಲಿ. ಅಣ್ಣನಿಗೆ ಅದೇ ಬೇಕು. ಅವನು ಅದನ್ನು ಬಾಯಿಬಿಟ್ಟು ಹೇಳಲಾರ, ಹೇಡಿ.

ಅಣ್ಣ

•

ಆಗಸ್ಟ್ 17

ಅಣ್ಣಾ,

ಲಾಡ್ಜಿನ ಹೆಂಗಸು ಏನು ಮಾಡಿದಳು ಎಂದು ನನಗೆ ಚೆನ್ನಾಗಿ ಗೊತ್ತು. ಇನ್ಸ್‌ಪೆಕ್ಟರ್ ಬಂದು ಕೇಳಿದಾಗ ಅವನ ಮುಖ ನೋಡಿಕೊಂಡೇ ‘ನಾನೇನೂ ನೋಡಿಲ್ಲ, ಮಲಗಿದ್ದೆ’ ಎಂದಳು. ಬೂದಿ ಬಚಾವಾದ. ಕೋರ್ಟಿನಲ್ಲಿ ನಾನು ಅವಳಾಗಬೇಕಾ? ಕೊಕ್ಕೆ ಇತ್ತು ಎನ್ನಬೇಕಾ? ಅಮ್ಮ ಹೇಳಿದರೆ ಸಹಿಸಿಕೊಂಡೆ, ಅವಳು ಹೆತ್ತವಳು. ಕರಿ ಕೋಟಿನವರಿಗೆ ಅದು ಕೆಲಸ. ನೀನು? ‘ಇದಕ್ಕೆ ಬೀಗ ಇಲ್ಲ’ ಎಂದವನು ನೀನು.

ಮೇಸ್ತ್ರಿ ಮೊದಲು ನಿನ್ನ ಮೇಲೆ ಕೈ ಮಾಡಿದ್ದರೆ ಅದನ್ನು ಹೇಳು, ನಂಬುತ್ತೇನೆ. ಏನೂ ಹೇಳದೆ, ಸುಳ್ಳು ಮಾತ್ರ ಹೇಳು ಎನ್ನುತ್ತೀಯಲ್ಲ.

ಹೇಡಿ ಎಂದು ನೀನೇ ಬರೆದುಕೊಂಡೆ. ನಾನು ಬರೆಯುತ್ತಿರಲಿಲ್ಲ.

ಇನ್ನು ಪತ್ರ ಹಾಕುವುದಿಲ್ಲ.

ಕಡ್ಡಿ

•

ಸೆಪ್ಟೆಂಬರ್ 1

ಕಡ್ಡಿ,

ನಿನ್ನ ಪತ್ರ ಮೇಲಿಂದ ಕೆಳಗಿನವರೆಗೆ ಕಪ್ಪು. ‘ಅಣ್ಣಾ’ ಮತ್ತು ‘ಕಡ್ಡಿ’ ಉಳಿದಿವೆ, ನಡುವೆ ಏನೂ ಇಲ್ಲ. ಬೆಳಕಿಗೆ ಹಿಡಿದು ನೋಡಿದೆ. ಹಿಂದಿನಿಂದ ಬೆರಳಾಡಿಸಿದೆ. ಪೆನ್ನು ಒತ್ತಿ ಬರೆದಿದ್ದೀಯ ಎಂದಷ್ಟೇ ಗೊತ್ತಾಯಿತು.

ಒಪ್ಪಿದ್ದೀಯ ಎಂದುಕೊಳ್ಳಲಾ? ಲಾಡ್ಜಿನವಳ ದಾರಿ ಕಷ್ಟ, ಗೊತ್ತು. ಆದರೂ ಅದೇ ದಾರಿ.

ಇನ್ನೊಂದು ಪತ್ರ ಹಾಕು. ಪುಸ್ತಕದ ವಿಷಯ ಮಾತ್ರ ಇರಲಿ.

ಅಣ್ಣ

•

ಅಕ್ಟೋಬರ್ 5

ಕಡ್ಡಿ,

ಒಂದು ತಿಂಗಳಾಯಿತು. ಅಮ್ಮ ಭೇಟಿಗೆ ಬಂದಿದ್ದಳು. ಜಾಲರಿಯ ಆಚೆ ನಿಂತು ‘ಅವಳನ್ನ ದಾರಿಗೆ ತರ್ತೀನಿ, ನೀನು ಚಿಂತೆ ಮಾಡ್ಬೇಡ’ ಅಂದಳು. ಬೇಡಮ್ಮ ಎನ್ನಬೇಕೆಂದಿದ್ದೆ. ಅನ್ನಲಿಲ್ಲ.

ಕೋಣೆಯಲ್ಲಿ ಓದುವುದು ನಿಲ್ಲಿಸಿದ್ದೇನೆ. ಗಂಟಲು ಸರಿಯಿಲ್ಲ ಎಂದಿದ್ದೇನೆ.

ಹುಡುಗಿಗೆ ಹೇಳು, ಲಾಡ್ಜಿನ ಹೆಂಗಸನ್ನು ಮರೆಯಬಾರದು ಅಂತ.

ಅಣ್ಣ

•

ನವೆಂಬರ್ 15

ಅಣ್ಣಾ,

ಬರೆಯುವುದಿಲ್ಲ ಎಂದಿದ್ದೆ. ನಿನ್ನೆ ಆದದ್ದನ್ನು ನೀನು ಕಟಕಟೆಯಿಂದ ನೋಡಿದ್ದೀಯ, ಆದರೆ ಹೊರಗೆ ಬೆಂಚಿನ ಮೇಲೆ ಆದದ್ದು ನಿನಗೆ ಗೊತ್ತಿಲ್ಲ. ಗೊತ್ತಾಗಬೇಕು. ಮಸಿ ಬಳಿಯುವವರು ಬಳಿಯಲಿ.

ಸಾಕ್ಷಿಗಳು ಕೂರಲು ಒಂದೇ ಬೆಂಚು. ಆ ತುದಿಯಲ್ಲಿ ಮೇಸ್ತ್ರಿಯ ಹೆಂಡತಿ, ಈ ತುದಿಯಲ್ಲಿ ನಾನು. ನನಗಿಂತ ಹೆಚ್ಚೆಂದರೆ ಆರೇಳು ವರ್ಷ ದೊಡ್ಡವಳು. ಕೈಚೀಲದ ಹಿಡಿಕೆ ಕಿತ್ತಿತ್ತು, ಅದಕ್ಕೆ ದಾರ ಸುತ್ತುತ್ತ ಕೂತಿದ್ದಳು. ತಲೆಯೆತ್ತದೆ ಕೇಳಿದಳು.

‘ಅವನ ತಂಗಿ ನೀನೇನಾ?’

‘ಹೌದು ಅಕ್ಕ.’

‘ಅವತ್ತು ಡಬ್ಬಿ ತಂದಿದ್ದೆ ಅಲ್ವಾ? ಇವರೂ ಊಟ ಮಾಡಿರ್ಲಿಲ್ಲ.’

ನಾನು ಬೆಂಚಿನ ತುದಿಗೆ ಇನ್ನಷ್ಟು ಸರಿದೆ.

‘ಒಳಗೆ ಏನ್ ಹೇಳ್ತೀಯ?’

‘ನೋಡಿದ್ದು.’

‘ಇವರು ಬೇಡ್ಕೊಂಡ್ರಾ?’

ನಾನು ಹೌದು ಎನ್ನುವುದರೊಳಗೆ ಅವಳು ಕೈ ಅಡ್ಡ ಹಿಡಿದಳು. ‘ಬೇಡ. ನಂಗೆ ಹೇಳ್ಬೇಡ. ಇವರು ಯಾರ ಹತ್ರಾನೂ ಕೈಯೆತ್ತಿದವರಲ್ಲ. ನೀನು ಒಳಗೆ ಹೇಳು, ನಾನಿಲ್ಲೇ ಹೊರಗಿರ್ತೀನಿ.’

ನಾನು ಸತ್ಯ ಹೇಳಿದರೆ ಅವಳಿಗೆ ಒಳ್ಳೆಯದಾಗುತ್ತದೆ ಎಂದುಕೊಂಡಿದ್ದೆ. ಯಾರಿಗೂ ಆಗುವುದಿಲ್ಲ.

ಒಳಗೆ ಮೇಜಿನ ಮೇಲೆ ಹಲಗೆ, ಪಕ್ಕದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ನಿನ್ನ ಅರ್ಧ ಪುಸ್ತಕ. ನೀನೇ ಸೀಳಿದ ಅಂಚು ಗುರುತು ಸಿಕ್ಕಿತು. ಸರ್ಕಾರಿ ವಕೀಲರು ಕೇಳಿದರು, ನಿನ್ನ ವಕೀಲರು ಕೇಳಿದರು, ಕೊನೆಗೆ ನ್ಯಾಯಾಧೀಶರೇ ಕೇಳಿದರು, ‘ಕೈಯಲ್ಲಿ ಏನಾದ್ರೂ ಇತ್ತಾ?’ ಏನೂ ಇರಲಿಲ್ಲ ಎಂದೆ. ಕೈ ಹೇಗಿತ್ತು ತೋರಿಸು ಎಂದರು. ನನ್ನ ಕೈ ಎತ್ತಿ, ಬೆರಳು ಬಿಡಿಸಿ ತೋರಿಸಿದೆ. ಅಮ್ಮ ಎದ್ದು ಹೊರಗೆ ಹೋದಳು.

ನೀನು ನನ್ನನ್ನೇ ನೋಡುತ್ತ ತಲೆಯಾಡಿಸಿದೆ. ಮೆಲ್ಲಗೆ, ಎರಡು ಸಲ. ‘ಮುಗಿಸಿಬಿಟ್ಟೆಯಲ್ಲ’ ಎಂದ ಹಾಗೆ.

ನೀನು ಕೇಳಿದ್ದನ್ನು ಕೊಡಲಿಲ್ಲ ಅಣ್ಣಾ. ಕೊಡಬೇಕೆಂದು ಒಂದು ಕ್ಷಣ ಅನಿಸಿದ್ದು ನಿಜ. ನಾಲಿಗೆ ತುದಿಯವರೆಗೂ ಬಂದಿತ್ತು. ಅದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾನು ಕಲ್ಲು ಎಂದುಕೊಳ್ಳುತ್ತೀಯ.

ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅಡುಗೆ ಮಾಡಿಟ್ಟು ಗೋಡೆಗೆ ಹೇಳುತ್ತಾಳೆ, ‘ತಿನ್ನೋರು ತಿನ್ನಬಹುದು’ ಅಂತ.

ಕಡ್ಡಿ

•

ಜನವರಿ 10

ಕಡ್ಡಿ,

ತೀರ್ಪು ನಿನಗೆ ಗೊತ್ತಾಗಿರುತ್ತದೆ. ಒಂಬತ್ತು ವರ್ಷ. ತೀರ್ಪಾದ ಮೇಲೆ ಕೇಸಿನ ಬಗ್ಗೆ ಬರೆದರೆ ಮಸಿಯಿಲ್ಲವಂತೆ. ಪತ್ರದ ಸಾಹೇಬರು ನನ್ನನ್ನು ಕರೆದು, ಕಪಾಟಿನಿಂದ ಎರಡು ಕಾಗದ ತೆಗೆದು ಮೇಜಿನ ಮೇಲಿಟ್ಟರು. ನಿನ್ನ ಆಗಸ್ಟ್ ಪತ್ರ, ಅದರ ಕೆಳಗೆ ನವೆಂಬರಿನದು. ಮಸಿ ಬಳಿಯುವ ಮೊದಲು ಪ್ರತಿಯೊಂದರ ನಕಲು ಇಡುತ್ತಾರಂತೆ. ‘ಓದಿ ಇಲ್ಲೇ ಕೊಡು’ ಎಂದು ಹೇಳಿ ಕಿಟಕಿ ಕಡೆ ತಿರುಗಿ ನಿಂತರು.

ಕಡ್ಡಿ, ನನ್ನ ಅರ್ಧದಲ್ಲಿ ಇನ್ಸ್‌ಪೆಕ್ಟರೇ ಬರುವುದಿಲ್ಲ.

ನನ್ನ ಅರ್ಧದಲ್ಲಿ ಲಾಡ್ಜಿನ ಹೆಂಗಸು ಬೂದಿಯ ಕೋಣೆಗೆ ಬಂದು ಬಾಗಿಲಲ್ಲೇ ನಿಲ್ಲುತ್ತಾಳೆ. ‘ನೀನು ನನಗೆ ಒಳ್ಳೇದು ಮಾಡಿದೀಯ. ಆದ್ರೂ ಕೇಳಿದ್ರೆ ನಾನು ನೋಡಿದ್ದನ್ನೇ ಹೇಳ್ತೀನಿ. ಈಗಲೇ ಹೇಳಿರ್ತೀನಿ, ಆಮೇಲೆ ಬೆನ್ನ ಹಿಂದೆ ಹೇಳಿದಳು ಅನ್ಬೇಡ’ ಅಂತಾಳೆ. ಬೂದಿ ‘ಸರಿ’ ಅಂತಾನೆ. ಅಲ್ಲಿಗೆ ನನ್ನ ಪುಟ ಮುಗಿಯುತ್ತದೆ. ಅವತ್ತು ಮಧ್ಯಾಹ್ನ, ಊಟದ ಗಂಟೆಗೆ ಮುಂಚೆ, ಮೂಟೆಗಳ ಮೇಲೆ ಕೂತು ಅಲ್ಲಿಯವರೆಗೆ ಓದಿದ್ದೆ. ಎರಡನೇ ಅರ್ಧದಲ್ಲಿ ಅವಳು ಮಾತು ತಪ್ಪುತ್ತಾಳೆ ಎಂದು ನನಗೆ ಹೇಗೆ ಗೊತ್ತಾಗಬೇಕು? ಅದು ನಿನ್ನ ಹತ್ತಿರ ಇತ್ತು.

ನಾನು ಕೇಳಿದ್ದನ್ನೇ ನೀನು ಕೊಟ್ಟಿದ್ದೀಯ. ಕೋರ್ಟಿನಲ್ಲಿ ತಲೆಯಾಡಿಸಿದ್ದು ಹೌದು, ಹೌದು ಅಂತ.

ಇನ್ನು ನೀನು ಜೂನ್‌ನಿಂದ ಕೇಳುತ್ತಿರುವ ಮೊದಲರ್ಧ. ಮಫ್ಲರ್ ಅಜ್ಜನ ಕೈಯಿಂದ ಒಂದು ಪೆಟ್ಟಿಗೆ ಬಿದ್ದು ಒಡೆಯಿತು. ಮೇಸ್ತ್ರಿ ಅವನನ್ನು ಮಂಜುಗಟ್ಟಿಸುವ ಫ್ರೀಜರ್ ಕೋಣೆಯೊಳಗೆ ತಳ್ಳಿ ಹೊರಗಿನಿಂದ ಚಿಲಕ ಹಾಕಿದ. ಮುಕ್ಕಾಲು ಗಂಟೆ. ನಾನು ತೆಗೆದಾಗ ಅಜ್ಜನ ಎರಡು ಬೆರಳು ಬಿಳಿಚಿ ಮರದ ಹಾಗಾಗಿದ್ದವು. ಆ ಬೆರಳು ಆಮೇಲೆ ತೆಗೆದರಂತೆ, ಅದಕ್ಕೇ ಅವನು ಜೇಬಿನಿಂದ ಕೈ ತೆಗೆಯುವುದಿಲ್ಲವಂತೆ. ನಾನು ಮೇಸ್ತ್ರಿಯ ಹತ್ತಿರ ಹೋದೆ. ಜಗಳವಾಗಲಿಲ್ಲ ಕಡ್ಡಿ. ಅವನು ಲೆಕ್ಕದ ಹಾಳೆ ನೋಡುತ್ತ ಬೆನ್ನು ಹಾಕಿ ನಿಂತಿದ್ದ. ಕರೆಯಲೂ ಇಲ್ಲ ನಾನು. ಹಿಂದಿನಿಂದ ಹೊಡೆದೆ. ಹೊಡೆಯುವಾಗ ನನ್ನ ತಲೆಯಲ್ಲಿ ಅಜ್ಜ ಇರಲಿಲ್ಲ, ಬೂದಿ ಇದ್ದ. ಅವನು ಬಿದ್ದು, ತಿರುಗಿ, ಕೈ ಎತ್ತಿದ. ಆ ಖಾಲಿ ಕೈ ನೋಡಿ ಹೆದರಿದೆ. ಹೆದರಿಕೆಗೆ ಇನ್ನೊಂದು. ಅಷ್ಟರಲ್ಲಿ ನೀನು ಬಂದಿದ್ದೆ.

ಮೊದಲರ್ಧದಲ್ಲೂ ಕೊಕ್ಕೆ ಇರಲಿಲ್ಲ. ಮೊದಲರ್ಧ ನಿನಗೆ ಗೊತ್ತಾದರೆ ನನಗೆ ಸಮಾಧಾನವಾಗುವಂಥದ್ದೇನೂ ಅದರಲ್ಲಿಲ್ಲ. ಅದಕ್ಕೇ ಭೇಟಿಯ ಪಟ್ಟಿಯಲ್ಲಿ ನಿನ್ನ ಹೆಸರು ಬರೆಸಲಿಲ್ಲ. ವಕೀಲರು ಕೊಕ್ಕೆ ಎಂದಾಗ ನಾನು ಇಲ್ಲ ಎನ್ನಬಹುದಿತ್ತು. ಅಮ್ಮನ ಮುಖ ನೋಡಿ ಸುಮ್ಮನಾದೆ. ನಾನು ಹೇಳಬೇಕಾದದ್ದನ್ನು ನಿನ್ನ ಬಾಯಲ್ಲಿ ಹೇಳಿಸಿದೆ. ಮೂರು ತಿಂಗಳು ನೀನು ಅಣ್ಣನಿಗೆ ದ್ರೋಹ ಮಾಡುತ್ತಿದ್ದೇನೆ ಎಂದುಕೊಂಡು ಬದುಕಿದೆ. ಆ ತಪ್ಪು ಈ ಒಂಬತ್ತು ವರ್ಷದಲ್ಲಿ ತೀರುವುದಿಲ್ಲ, ಅದರ ಲೆಕ್ಕ ಬೇರೆ.

ಪಟ್ಟಿಗೆ ನಿನ್ನ ಹೆಸರು ಸೇರಿಸಿದ್ದೇನೆ. ತಿಂಗಳ ಮೊದಲ ಭಾನುವಾರ. ಬರಲೇಬೇಕೆಂದಿಲ್ಲ.

‘ತುಕ್ಕು ಸೇತುವೆ’ಯ ಎರಡನೇ ಅರ್ಧ ಕಳಿಸುತ್ತೀಯಾ?

ಅಣ್ಣ

•

ಜನವರಿ 19

ಅಣ್ಣಾ,

ಎರಡನೇ ಅರ್ಧ ಇದರ ಜೊತೆ ಇದೆ. ಈ ಸಲ ಸೀಳುವ ಕೆಲಸವಿರಲಿಲ್ಲ.

ಕಳಿಸುವುದು ಬೇಡ ಎಂದು ಎರಡು ದಿನ ಇಟ್ಟುಕೊಂಡಿದ್ದೆ. ನಿನ್ನ ಅರ್ಧದ ಲಾಡ್ಜಿನವಳು ಒಳ್ಳೆಯವಳು, ಅವಳು ಹಾಗೇ ಇರಲಿ ಎಂದು. ಆಮೇಲೆ ಅದೂ ಬೀರುವಿಗೆ ಬೀಗ ಹಾಕಿದ ಹಾಗೆ ಎನಿಸಿತು. ಓದು. ಅವಳು ಸುಳ್ಳು ಹೇಳುವ ಪುಟ ನೂರ ತೊಂಬತ್ತು. ನೀನು ಬರೆದದ್ದನ್ನು ಓದಿದ ಮೇಲೆ ನಾನು ಅದನ್ನು ಮತ್ತೆ ಓದಿದೆ. ಮೊದಲು ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಈಗ ಅವಳು ಬಾಗಿಲಲ್ಲಿ ನಿಂತು ಹೇಳಿದ ಮಾತು ಗೊತ್ತಾಗಿ ಇನ್ನೂ ಕೆಟ್ಟದೆನಿಸಿತು.

ನಿನ್ನ ಮೊದಲರ್ಧವನ್ನೂ ಓದಿದೆ, ನಿಜವಾದದ್ದನ್ನು. ಕ್ಷಮಿಸಿದೆ ಎಂದು ಬರೆಯುವುದಿಲ್ಲ. ಕ್ಷಮಿಸಬೇಕಾದವಳು ನಾನಲ್ಲ. ನನ್ನ ಮೂರು ತಿಂಗಳ ಲೆಕ್ಕ ಮಾತ್ರ ನನ್ನದು, ಅದನ್ನು ಜಾಲರಿಯ ಮುಂದೆ ನಿಂತು ಬೈದು ತೀರಿಸುತ್ತೇನೆ. ಮೊದಲ ಭಾನುವಾರ ಬರುತ್ತೇನೆ. ಬಸ್ಸು ಎರಡು ಬದಲಾಯಿಸಲು ನನಗೆ ಬರುತ್ತದೆ. ನಿನ್ನ ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. ಕೊಕ್ಕೆ ಇರಲಿಲ್ಲ ಎಂದು ನೀನೇ ಬರೆದ ಸಾಲನ್ನು ಎರಡು ಸಲ ಓದಿಸಿದಳು. ಆಮೇಲೂ ಗೋಡೆಗೇ ಮಾತಾಡುತ್ತಿದ್ದಾಳೆ. ‘ಚಳಿ ಇದೆ, ಹೋಗೋರು ಸ್ವೆಟರ್ ತಗೊಂಡು ಹೋಗ್ಲಿ’ ಎಂದಳು ಗೋಡೆಗೆ.

ಈ ತಿಂಗಳು ನಾನೊಂದು ಕೆಲಸ ಮಾಡಿದೆ. ಮನೆಯಲ್ಲಿರುವ ಬೂದಿಯ ಪುಸ್ತಕಗಳನ್ನೆಲ್ಲ ಮತ್ತೆ ಓದಿದೆ, ಒಂದನ್ನು ಹುಡುಕಲು. ಬೂದಿಯ ಕೈಯಲ್ಲಿ ಪೆಟ್ಟು ತಿಂದವರಲ್ಲಿ ಯಾರಿಗಾದರೂ ಹೆಂಡತಿ ಇದ್ದಾಳಾ, ಅವಳು ಆಮೇಲೆ ಏನಾದಳು ಎಂದು. ಒಬ್ಬಳೂ ಇಲ್ಲ. ಮೊದಲರ್ಧದಲ್ಲೂ ಇಲ್ಲ, ಎರಡನೆಯದರಲ್ಲೂ ಇಲ್ಲ. ಎಲ್ಲದರಲ್ಲೂ ಬೂದಿ ಕೊನೇ ಪುಟದಲ್ಲಿ ‘ಕೆಲಸ ಮುಗೀತು’ ಎಂದು ಬಸ್ಸು ಹತ್ತುತ್ತಾನೆ.

ಮೇಸ್ತ್ರಿಯ ಹೆಂಡತಿ ಹೋದ ಸೋಮವಾರದಿಂದ ನಮ್ಮ ಪೆಟ್ಟಿಗೆ ಕಾರ್ಖಾನೆಗೆ ಬರುತ್ತಿದ್ದಾಳೆ. ಅವಳಿಗೆ ಗೊತ್ತಿಲ್ಲದೆ ನನ್ನ ಮೇಜಿಗೇ ಹಾಕಿದರು. ನನ್ನನ್ನು ಕಂಡು ಬಾಗಿಲಲ್ಲೇ ನಿಂತಳು. ತಿರುಗಿ ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಚೀಲ ಮೊಳೆಗೆ ನೇತುಹಾಕಿ ಬಂದು ಕೂತಳು. ಹಿಡಿಕೆಯ ಮೇಲೆ ಅದೇ ದಾರ.

ನಾವು ಮಾತಾಡುವುದಿಲ್ಲ. ರಟ್ಟನ್ನು ಒಬ್ಬರು ಮಡಚಿ ಬಿಗಿಯಾಗಿ ಹಿಡಿಯಬೇಕು, ಇನ್ನೊಬ್ಬರು ಪಿನ್ನು ಹೊಡೆಯಬೇಕು. ಒಬ್ಬರಿಂದಾಗುವ ಕೆಲಸವಲ್ಲ. ನಾನು ಹಿಡಿಯುತ್ತೇನೆ, ಅವಳು ಹೊಡೆಯುತ್ತಾಳೆ. ಅವಳಿಗೆ ಇನ್ನೂ ಕೈ ಕೂತಿಲ್ಲ. ನಿನ್ನೆ ಒಂದು ಪಿನ್ನು ನನ್ನ ಹೆಬ್ಬೆರಳಿಗೆ ಬಿತ್ತು. ‘ಅಯ್ಯೋ’ ಎಂದಳು. ಕಾರ್ಖಾನೆಯಲ್ಲಿ ಅವಳು ನನ್ನೆದುರು ಆಡಿದ ಮಾತು ಈವರೆಗೆ ಅದೊಂದೇ.

ಈ ಕೆಲಸವನ್ನೂ ಬಿಡಬೇಕೆಂದಿದ್ದೆ, ನಿನಗೆ ಬರೆದಿದ್ದೆನಲ್ಲ. ಬೂದಿಯಾಗಿದ್ದರೆ ಸೋಮವಾರವೇ ಬಸ್ಸು ಹತ್ತುತ್ತಿದ್ದ.

ನಾಳೆ ಎಂಟಕ್ಕೆ ಗಂಟೆ ಹೊಡೆಯುತ್ತಾರೆ. ನಾನು ಹೋಗಿ ರಟ್ಟು ಹಿಡಿಯಬೇಕು.

ಕಡ್ಡಿ